ಏಪ್ರಿಲ್ ಒಂದರ ತನಕ

ಹುಣಸೆಕಟ್ಟೆಪಾಳ್ಯ
18 ನವೆಂಬರ್ 2024

ಇವರಿಗೆ,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ ಕಚೇರಿ, ಹುಣಸೆಕಟ್ಟೆಪಾಳ್ಯ

ಮಾನ್ಯರೇ,

ವಿಷಯ: ಆರೋಗ್ಯ ಉಪಕೇಂದ್ರದ ಹೆರಿಗೆ ಕೋಣೆಯನ್ನು ಆರಂಭಿಸಲು ಪಂಚಾಯಿತಿಯ ಸ್ವಂತ ನಿಧಿಯಿಂದ ಹಣ ಕೋರಿ.

ನಮ್ಮ ಉಪಕೇಂದ್ರದ ಹಿಂದೆ ಒಂದು ಕಂಪನಿಯವರು ಮೂರು ವರ್ಷದ ಹಿಂದೆ ಹೆರಿಗೆ ಕೋಣೆ ಕಟ್ಟಿಸಿಕೊಟ್ಟದ್ದು ತಮಗೆ ತಿಳಿದಿದೆ. ಬಿಳಿ ಟೈಲ್ಸ್ ಹಾಕಿದ್ದಾರೆ, ಗೋಡೆಗೆ ಕಂಪನಿಯ ಹೆಸರಿನ ಕಲ್ಲು ಕೂರಿಸಿದ್ದಾರೆ. ಒಳಗೆ ಹೆರಿಗೆ ಟೇಬಲ್ ಇಲ್ಲ, ಫ್ರಿಜ್ ಇಲ್ಲ, ಕರೆಂಟ್ ಹೋದರೆ ಯುಪಿಎಸ್ ಇಲ್ಲ, ನಲ್ಲಿಯಲ್ಲಿ ನೀರಿಲ್ಲ. ಕಟ್ಟಿಸಿದ ದಿನದಿಂದ ಬೀಗ ಹಾಕಿದೆ. ಬೀಗದ ಕೈ ನನ್ನ ಬಳಿ ಇದೆ. ವಾರಕ್ಕೊಮ್ಮೆ ತೆಗೆದು ಕಸ ಗುಡಿಸಿ ಮತ್ತೆ ಹಾಕುತ್ತೇನೆ.

ನಮ್ಮ ವ್ಯಾಪ್ತಿಯಲ್ಲಿ ಈಗ ನಲವತ್ತಮೂರು ಮಂದಿ ಗರ್ಭಿಣಿಯರಿದ್ದಾರೆ. ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿ ಇರುವವರು. ದೊಡ್ಡಾಸ್ಪತ್ರೆ ಹನ್ನೊಂದು ಕಿಲೋಮೀಟರ್. ಐಟಿ ಕಂಪನಿಗಳು ಬಿಡುವ ಹೊತ್ತಿಗೆ ಆ ದಾರಿಯಲ್ಲಿ ಎರಡು ಗಂಟೆ ಬೇಕು. ಪಂಚಾಯಿತಿಯು ಸಲಕರಣೆ ಕೊಟ್ಟು ಇಬ್ಬರು ನರ್ಸುಗಳ ಸಂಬಳವನ್ನು ಮೂರು ವರ್ಷ ಭರಿಸುವುದಾದರೆ ವೈದ್ಯರನ್ನು ಕಳಿಸುತ್ತೇವೆ ಎಂದು ತಾಲ್ಲೂಕು ಆರೋಗ್ಯಾಧಿಕಾರಿಗಳು ಹೇಳಿದ್ದಾರೆ. ಮೊದಲ ವರ್ಷಕ್ಕೆ ಹದಿನೆಂಟು ಲಕ್ಷ ಆಗುತ್ತದೆ. ಪಂಚಾಯಿತಿಯ ಠೇವಣಿಯಲ್ಲಿ ಹನ್ನೊಂದು ಕೋಟಿ ರೂಪಾಯಿ ಇದೆ ಎಂದು ಗ್ರಾಮಸಭೆಯಲ್ಲಿ ತಾವೇ ಓದಿ ಹೇಳಿದ್ದೀರಿ. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ತಾವು ಮಧ್ಯಾಹ್ನ ಊಟ ಬಿಟ್ಟು ಬರೀ ಟೀ ಕುಡಿಯುತ್ತಿದ್ದೀರಿ ಎಂದು ನಿಮ್ಮ ಕಚೇರಿಯ ಸೊಣ್ಣಪ್ಪ ಹೇಳಿದರು. ಇದು ಅರ್ಜಿಗೆ ಸಂಬಂಧಿಸಿದ್ದಲ್ಲ.

ಇಂತಿ ತಮ್ಮ ವಿಶ್ವಾಸಿ,
ಬಸಮ್ಮ
ಹಿರಿಯ ಮಹಿಳಾ ಆರೋಗ್ಯ ಸಹಾಯಕಿ

*

ಗ್ರಾಮ ಪಂಚಾಯಿತಿ ಕಚೇರಿ
2 ಡಿಸೆಂಬರ್ 2024

ಅಕ್ಕ,

ಕಚೇರಿಯ ಉತ್ತರವನ್ನು ಇದರ ಜೊತೆ ಪಿನ್ ಮಾಡಿದ್ದೇನೆ. ಅದರಲ್ಲಿ ‘ಪರಿಶೀಲನೆಯಲ್ಲಿದೆ’ ಎಂದಷ್ಟೇ ಇದೆ. ಇದು ನನ್ನ ಉತ್ತರ.

ನಿನ್ನ ‘ಮಾನ್ಯರೇ’ ಓದಿ ಮೊದಲು ನಗು ಬಂತು. ನನ್ನ ಮೂಗು ಒರೆಸಿ, ಚಡ್ಡಿ ಗುಂಡಿ ಹಾಕಿ ಶಾಲೆಗೆ ಕಳಿಸಿದವಳು ನನಗೆ ‘ತಾವು’ ಎಂದು ಬರೆದಿದ್ದಾಳೆ. ಆಮೇಲೆ ಬಾಗಿಲು ಹಾಕಿಕೊಂಡು ಇನ್ನೆರಡು ಸಲ ಓದಿದೆ. ಎರಡೂವರೆ ವರ್ಷದ ಮೇಲೆ ನಿನ್ನ ಅಕ್ಷರ ನೋಡಿದ್ದು. ಸೊಣ್ಣಪ್ಪ ಕೇಳುತ್ತಾನೆ, “ಅಕ್ಕ ತಮ್ಮ ಇಬ್ರೂ ಮೂರ್ ಕಿಲೋಮೀಟ್ರಾಗೆ ಅವ್ರೆ, ಕಾಗ್ದ ಬರ್ಕಂತಾರೆ. ಫೋನ್‌ಗೇನ್ ರೋಗ ಬಂದೈತೆ ಸಾರ್?”

ಹನ್ನೊಂದು ಕೋಟಿ ಇರುವುದು ನಿಜ. ಅದನ್ನು ನಾನೇ ಉಳಿಸಿದ್ದು. ಯಾಕೆಂದು ನಿನಗೆ ಯಾವತ್ತೂ ಹೇಳಿಲ್ಲ. ನಾನು ಇಲ್ಲಿಗೆ ಬಂದ ಮರುವರ್ಷವೇ ಲಾಕ್‌ಡೌನ್ ಆಯಿತು. ಕಂಪನಿಗಳು ತೆರಿಗೆ ಕಟ್ಟಲಿಲ್ಲ. ಹಿಂದಿನ ಅಧಿಕಾರಿ ಬಂದ ಹಣವನ್ನೆಲ್ಲ ರಸ್ತೆ, ಚರಂಡಿ, ದೀಪದ ಕಂಬ ಎಂದು ಕೊನೆಯ ಪೈಸೆವರೆಗೂ ಖರ್ಚು ಮಾಡಿ ಹೋಗಿದ್ದ. ಎಲ್ಲರೂ ಅವನನ್ನು ಹೊಗಳುತ್ತಿದ್ದರು. ಪಂಪು ಬಿಡುವ ಬಸಲಿಂಗನಿಗೆ ಏಳು ತಿಂಗಳು ಸಂಬಳ ಕೊಡಲು ನನ್ನಿಂದ ಆಗಲಿಲ್ಲ. ಏಳು ತಿಂಗಳೂ ಅವನು ಬೆಳಿಗ್ಗೆ ಐದಕ್ಕೆ ಬಂದು ನೀರು ಬಿಟ್ಟ. ಒಂದು ದಿನ ನೀರು ಬರಲಿಲ್ಲ ಎಂದು ಹೆಂಗಸರು ಜಗಳಕ್ಕೆ ಬಂದರು. ಪಂಪ್‌ಹೌಸಿಗೆ ಹೋಗಿ ನೋಡಿದರೆ ನೇಣು ಹಾಕಿಕೊಂಡಿದ್ದ. ಅವನನ್ನು ಕೆಳಗಿಳಿಸಿದವನು ನಾನು, ಅಕ್ಕ. ತೀರಾ ಹಗುರವಾಗಿದ್ದ.

ಅಂದೇ ತೀರ್ಮಾನ ಮಾಡಿದೆ, ಈ ಪಂಚಾಯಿತಿ ಮತ್ತೆ ಬರಿಗೈಯಲ್ಲಿ ನಿಲ್ಲಬಾರದು ಎಂದು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು. ನಮ್ಮೂರ ಅಜ್ಜನ ಹಗೇವು ನೆನಪಿದೆಯಲ್ಲ? ನೆಲದೊಳಗೆ ಅಷ್ಟು ಜೋಳ ತುಂಬಿಸಿ ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದ. ಬೆಳೆ ಕೈಕೊಟ್ಟ ವರ್ಷ ನಮ್ಮ ಓಣಿಯ ಒಲೆ ಉರಿದದ್ದು ಅದರಿಂದಲೇ. ಕೋರ್ಟಿನಲ್ಲಿ ಬೇರೆ ಒಂದು ಕಂಪನಿ ನಮ್ಮ ತೆರಿಗೆ ಹೆಚ್ಚಾಯಿತೆಂದು ಕೇಸು ಹಾಕಿದೆ. ಅವರು ಗೆದ್ದರೆ ನಾಲ್ಕು ಕೋಟಿ ವಾಪಸು ಕೊಡಬೇಕು. ನನಗೂ ಹೆರಿಗೆ ಕೋಣೆ ಬೇಕು. ಆದರೆ ಹೆದರಿಕೆ ಇದೆ.

ನಿನ್ನ ತಮ್ಮ,
ಈರೇಶ್

*

ಉಪಕೇಂದ್ರ
10 ಡಿಸೆಂಬರ್ 2024

ಈರೇಶ,

ಬಸಲಿಂಗನ ವಿಷಯ ಓದಿದೆ. ಆ ವರ್ಷ ನಾನು ಕೋವಿಡ್ ಡ್ಯೂಟಿಯಲ್ಲಿ ಮನೆಯ ಮುಖ ನೋಡಿರಲಿಲ್ಲ. ಆದರೂ ಒಂದು ಮಾತು ನನಗೆ ಹೇಳಬಹುದಿತ್ತು.

ಹೇಳಿದ್ದರೂ ನನ್ನ ಸಿಟ್ಟು ಹೋಗುತ್ತಿರಲಿಲ್ಲ. ಅದನ್ನೂ ಬರೆದೇಬಿಡುತ್ತೇನೆ. ಅವ್ವನ ಎದೆಗೆ ಸ್ಟೆಂಟ್ ಹಾಕಬೇಕು ಎಂದು ಡಾಕ್ಟರು ಹೇಳಿದಾಗ ಅವಳ ಹೆಸರಿನಲ್ಲಿ ಮೂರು ಲಕ್ಷದ ಠೇವಣಿ ಇತ್ತು. ಅವಧಿ ಮುಗಿಯಲು ಎರಡು ತಿಂಗಳಿತ್ತು. “ಬಡ್ಡಿ ಯಾಕ ಕಳಕೋತೀರಿ, ಎರಡು ತಿಂಗಳು ತಡೀರಿ, ನಾ ಎಲ್ಲಿಗೂ ಹೋಗೂದಿಲ್ಲ” ಎಂದು ಅವ್ವ ಹೇಳಿದಳು. ನಾನು ಬೇಡ ಎಂದೆ. ನೀನು ಅವಳ ಮಾತಿಗೆ ತಲೆಯಾಡಿಸಿದೆ. ಹದಿನೆಂಟು ದಿನ ಬಾಕಿ ಇದ್ದಾಗ ಅವ್ವ ಹೋದಳು. ಬಡ್ಡಿ ಪೂರ್ತಿ ಬಂತು. ನನ್ನ ಪಾಲಿನದು ಇವತ್ತಿಗೂ ಬ್ಯಾಂಕಿನಲ್ಲೇ ಇದೆ, ಮುಟ್ಟಿಲ್ಲ. ನಿನ್ನ ನಂಬರನ್ನು ಅಂದೇ ಅಳಿಸಿದೆ. ಅರ್ಜಿ ಕೊಟ್ಟರೆ ಅಧಿಕಾರಿ ಉತ್ತರ ಕೊಡಲೇಬೇಕಲ್ಲ, ಅದಕ್ಕೆ ಕಾಗದ ಹಿಡಿದೆ.

ಹಗೇವಿನ ಕಥೆ ನನಗೆ ಹೇಳಬೇಡ. ಅದು ತುಂಬಿದ್ದಾಗ ನೀನು ತೊಟ್ಟಿಲಲ್ಲಿದ್ದೆ. ಅಜ್ಜ ಎರಡು ವರ್ಷಕ್ಕಿಂತ ಹೆಚ್ಚು ಅದನ್ನು ಮುಚ್ಚಿ ಬಿಡುತ್ತಿರಲಿಲ್ಲ. ತೆಗೆದು ಹಳೆಯ ಜೋಳ ಉಂಡು, ಹಂಚಿ, ಹೊಸದು ತುಂಬುತ್ತಿದ್ದ. ಬಹಳ ದಿನ ಮುಚ್ಚಿದ್ದರೆ ಕೆಳಗಿನ ಜೋಳ ಮುಗ್ಗುತ್ತದೆ, ಒಳಗಿನ ಗಾಳಿ ಕೆಡುತ್ತದೆ. ಅದಕ್ಕೇ ಮೊದಲು ಹಗ್ಗ ಕಟ್ಟಿ ಕಂದೀಲು ಇಳಿಸುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ನಿನಗೆ ಮೇಲಿನ ಕಲ್ಲು ಮಾತ್ರ ನೆನಪಿದೆ.

ಕಷ್ಟಕಾಲಕ್ಕೆ ಇಡುವುದು ತಪ್ಪೆಂದು ನಾನು ಹೇಳುವುದಿಲ್ಲ. ನೌಕರರ ಒಂದು ವರ್ಷದ ಸಂಬಳ ತೆಗೆದಿಡು. ಕೋರ್ಟಿನ ನಾಲ್ಕು ಕೋಟಿಯನ್ನೂ ಇಡು. ಆಮೇಲೂ ಐದು ಕೋಟಿ ಉಳಿಯುತ್ತದೆ. ಅದು ಯಾರ ಕಷ್ಟಕಾಲಕ್ಕೆ ಕಾಯುತ್ತಿದೆ? ನಮ್ಮ ಶೆಡ್ಡಿನ ಜನರಿಗೆ ಇವತ್ತೇ ಕಷ್ಟಕಾಲ.

ಭುವನೇಶ್ವರಿ ಎಂಬ ಹುಡುಗಿ ಇದ್ದಾಳೆ, ಇಪ್ಪತ್ತನಾಲ್ಕು ವರ್ಷ. ಗಂಡ ಯಮನಪ್ಪ ಕಟ್ಟಡದಲ್ಲಿ ಕಂಬಿ ಕಟ್ಟುತ್ತಾನೆ. ಅತ್ತೆ ಮುದುಕವ್ವ ಜೊತೆಗಿದ್ದಾಳೆ. ಹೋದ ವರ್ಷ ಆಟೋದಲ್ಲಿ, ಪಟ್ಟಂದೂರು ಅಗ್ರಹಾರದ ತಿರುವಿನ ಟ್ರಾಫಿಕ್‌ನಲ್ಲಿ, ಮೊದಲ ಕೂಸು ಉಸಿರಿಲ್ಲದೆ ಹುಟ್ಟಿತು. ಈಗ ಮತ್ತೆ ಬಸುರಿ. ಮಾರ್ಚ್ ಕೊನೆ, ತಪ್ಪಿದರೆ ಏಪ್ರಿಲ್ ಮೊದಲ ವಾರ ಹೆರಿಗೆ. ನಿನ್ನೆ ಬಂದು ಬೀಗ ಹಾಕಿದ ಕೋಣೆಯ ಕಿಟಕಿಯಿಂದ ಇಣುಕಿ ನೋಡಿದಳು. “ಎಷ್ಟ್ ಚಂದ್ ಅದರಿ ಅಕ್ಕಾರ. ಆಟೋದಾಗ ಬ್ಯಾಡ್ರಿ ಈ ಸಲ. ಇಲ್ಲೇ ಆಗ್ಲಿರಿ” ಎಂದಳು. ಆಗಲಿ ಎಂದು ನಾನು ಮಾತು ಕೊಟ್ಟಿದ್ದೇನೆ. ನಿನ್ನನ್ನು ಕೇಳದೆ ಕೊಟ್ಟೆ.

ಊಟ ಮಾಡು.

ಬಸಮ್ಮ

*

ಗ್ರಾಮ ಪಂಚಾಯಿತಿ ಕಚೇರಿ
14 ಜನವರಿ 2025, ಸಂಕ್ರಾಂತಿ

ಅಕ್ಕ,

ಎಳ್ಳು ಬೆಲ್ಲ ಕಳಿಸಿದ್ದೇನೆ. ಸೊಣ್ಣಪ್ಪ ದಾರಿಯಲ್ಲಿ ಕೊಬ್ಬರಿಯನ್ನಷ್ಟೇ ಆರಿಸಿ ತಿಂದಿರುತ್ತಾನೆ, ಬೈಯಬೇಡ.

ಅವ್ವನ ವಿಷಯ ನೀನು ಬರೆದದ್ದು ನಿಜ. ಅವಳು ತಡಿ ಎಂದಳು, ನಾನು ತಡೆದೆ. ಆ ಹದಿನೆಂಟು ದಿನಗಳನ್ನು ನಾನು ಲೆಕ್ಕ ಹಾಕದ ದಿನವಿಲ್ಲ. ನಿನಗೆ ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ಆಯಿತು. ನಾನು ಯಾರ ಮೇಲೆ ಮಾಡಿಕೊಳ್ಳಲಿ?

ಹೆರಿಗೆ ಕೋಣೆ ಆಗುತ್ತದೆ. ಕೊಡುತ್ತೇನೆ. ಆದರೆ ಏಪ್ರಿಲ್ ಒಂದಕ್ಕೆ. ಯಾಕೆಂದು ಹೇಳುತ್ತೇನೆ, ತಾಳ್ಮೆಯಿಂದ ಓದು.

ನಮ್ಮಲ್ಲಿ ಜನವರಿಯಿಂದ ಮಾರ್ಚ್ ತನಕ ಏನು ನಡೆಯುತ್ತದೆಂದು ನಿನಗೆ ಗೊತ್ತಿಲ್ಲ. ವರ್ಷ ಮುಗಿಯುವ ಮೊದಲು ಹಣ ಮುಗಿಸಬೇಕೆಂದು ಎಲ್ಲರೂ ಬಿಲ್ಲು ಹಿಡಿದುಕೊಂಡು ಬರುತ್ತಾರೆ. ಹಾಕದ ಪೈಪಿಗೆ ಬಿಲ್ಲು, ಕೊರೆಯದ ಬೋರಿಗೆ ಬಿಲ್ಲು. ‘ಮಾರ್ಚ್ ಬಿಲ್ಲು’ ಎಂದರೆ ನಮ್ಮ ಇಲಾಖೆಯಲ್ಲಿ ಕಳ್ಳತನಕ್ಕೆ ಇನ್ನೊಂದು ಹೆಸರು. ಐದು ವರ್ಷದಿಂದ ನಾನು ಜನವರಿ ಬಂದ ಮೇಲೆ ಠೇವಣಿಗೆ ಕೈ ಹಾಕಿಲ್ಲ, ಯಾರಿಗೂ ಹಾಕಲು ಬಿಟ್ಟಿಲ್ಲ. ಇಡೀ ತಾಲ್ಲೂಕಿಗೆ ಅದು ಗೊತ್ತು. ನನಗಿರುವ ಮಾನ ಅದೊಂದೇ.

ಅಧ್ಯಕ್ಷ ಚಿನ್ನಪ್ಪನವರಿಗೆ ಊರ ಬಾಗಿಲಿಗೆ ಕಮಾನು ಕಟ್ಟಿಸುವ ಹುಚ್ಚು ಹಿಡಿದಿದೆ. ನಲವತ್ತು ಲಕ್ಷ. ನಿನಗಾಗಿ ಒಂದು ರೂಪಾಯಿ ತೆಗೆದರೂ ಅವರು ನಾಳೆಯೇ ಕಮಾನಿಗೆ ಕೈ ಚಾಚುತ್ತಾರೆ. “ಅಕ್ಕನಿಗೆ ಕೊಟ್ಟೆ, ನಮಗ್ಯಾಕೆ ಇಲ್ಲ” ಎಂದರೆ ನಾನೇನು ಹೇಳಲಿ? ಹೊಸ ವರ್ಷದ ಕ್ರಿಯಾಯೋಜನೆಯಲ್ಲಿ ಮೊದಲ ಸಾಲು ಹೆರಿಗೆ ಕೋಣೆ. ನಾನೇ ಕೈಯಾರೆ ಬರೆದಿದ್ದೇನೆ. ಏಪ್ರಿಲ್ ಒಂದು ಎಂದರೆ ಒಂದು.

ಈರೇಶ್

*

ಉಪಕೇಂದ್ರ
20 ಫೆಬ್ರವರಿ 2025

ಈರೇಶ,

ಎಳ್ಳು ಬೆಲ್ಲದಲ್ಲಿ ಕೊಬ್ಬರಿ ಇರಲಿಲ್ಲ. ಅಷ್ಟರ ಮಟ್ಟಿಗೆ ನೀನು ಹೇಳಿದ್ದು ಸರಿ.

ಉಳಿದದ್ದು ಸರಿಯಲ್ಲ. ಹೊಟ್ಟೆಯೊಳಗಿನ ಮಗುವಿಗೆ ನಿನ್ನ ಆರ್ಥಿಕ ವರ್ಷ ಗೊತ್ತಿಲ್ಲ ಕಣೋ. ಭುವನೇಶ್ವರಿಯ ರಕ್ತ ಏಳೂವರೆಗೆ ಇಳಿದಿದೆ. ಹನ್ನೊಂದು ಇರಬೇಕು. ಮಾತ್ರೆ ಕೊಡುತ್ತಿದ್ದೇನೆ, ರಾಗಿ, ಸೊಪ್ಪು, ಬೆಲ್ಲ ತಿನ್ನು ಎನ್ನುತ್ತಿದ್ದೇನೆ. ಮೊನ್ನೆವರೆಗೂ ಸೈಟಿನಲ್ಲಿ ಜಲ್ಲಿ ಹೊತ್ತಿದ್ದಾಳೆ. ದೊಡ್ಡಾಸ್ಪತ್ರೆಗೆ ಎರಡು ಸಲ ನಾನೇ ಕರೆದುಕೊಂಡು ಹೋದೆ. ಹಾಸಿಗೆ ಇಲ್ಲ, ನೋವು ಬಂದಾಗ ಕರೆತನ್ನಿ ಎಂದರು. ಇಂಥವಳಿಗೆ ಹೆರಿಗೆಯಾದ ಮೇಲೆ ರಕ್ತ ಹೋದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಆ ಮೊದಲ ಅರ್ಧ ಗಂಟೆಯಲ್ಲಿ ಇಂಜೆಕ್ಷನ್, ಡ್ರಿಪ್ ಎರಡೂ ಕೈಗೆಟುಕುವಂತಿರಬೇಕು. ಇಂಜೆಕ್ಷನ್ನನ್ನು ಫ್ರಿಜ್ಜಿನಲ್ಲಿಡಬೇಕು. ನನ್ನ ಬಳಿ ಫ್ರಿಜ್ಜಿಲ್ಲ.

ಹದಿನೆಂಟು ಲಕ್ಷ ಬಿಡು. ನಾಲ್ಕು ಲಕ್ಷ ಕೊಡು. ಒಂದು ಟೇಬಲ್, ಒಂದು ಫ್ರಿಜ್, ಒಂದು ಯುಪಿಎಸ್, ನಲ್ಲಿಗೆ ನೀರು, ಮೂರು ತಿಂಗಳಿಗೆ ಒಬ್ಬ ನರ್ಸು. ಅಂಗಡಿಯವನನ್ನು ಕೇಳಿದ್ದೇನೆ, ಹೇಳಿದ ಒಂದು ವಾರದಲ್ಲಿ ತಂದು ಜೋಡಿಸುತ್ತಾನೆ. ಬಿಲ್ಲನ್ನು ನೀನೇ ಕೂತು ಪೈಸೆ ಪೈಸೆ ನೋಡು. ನನ್ನ ಪಾಲಿಗೆ ಬಂದ ಅವ್ವನ ದುಡ್ಡಿನಿಂದ ಅರ್ಧವಾದರೂ ಕೊಳ್ಳೋಣವೆಂದು ತಾಲ್ಲೂಕು ಆರೋಗ್ಯ ಕಚೇರಿಗೆ ಹೋಗಿದ್ದೆ. ಸರ್ಕಾರಿ ಕಟ್ಟಡಕ್ಕೆ ಸಿಬ್ಬಂದಿ ಸ್ವಂತ ದುಡ್ಡು ಹಾಕುವಂತಿಲ್ಲ, ಪಂಚಾಯಿತಿ ಠರಾವು ಬೇಕು ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ.

ಅವಳು ಈಗ ದಿನವೂ ಬರುತ್ತಾಳೆ. ಕಿಟಕಿಯ ಕೆಳಗೆ ಕೂತು ಅತ್ತೆಯ ತಲೆ ಬಾಚುತ್ತಾಳೆ. ಮುದುಕವ್ವ ಕೇಳಿದಳು, “ಯವ್ವಾ, ಈ ಖೋಲಿ ಯಾರಿಗಿ ಇಟ್ಟಾರ? ಯಾರರ ದೊಡ್ಡೋರು ಹಡೀಲಿಕ್ಕ ಬರೋರಿದ್ದಾರೇನು?” ಉತ್ತರ ನೀನು ಬರೆ.

ನಿನ್ನ ಮಾನ ದೊಡ್ಡದು, ಒಪ್ಪುತ್ತೇನೆ. ಕೈ ಮುಗಿದು ಕೇಳುತ್ತಿದ್ದೇನೆ.

ಬಸಮ್ಮ

*

ಗ್ರಾಮ ಪಂಚಾಯಿತಿ ಕಚೇರಿ
12 ಮಾರ್ಚ್ 2025

ಅಕ್ಕ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಸಭೆಗೆ ಹೋದೆ. ನಾಲ್ಕು ಲಕ್ಷದ ವಿಷಯ ಎತ್ತಿದೆ. ಇಷ್ಟು ವರ್ಷದಲ್ಲಿ ಮಾರ್ಚ್‌ನಲ್ಲಿ ನಾನು ಬಾಯಿ ತೆರೆದದ್ದು ಅದೇ ಮೊದಲು.

ಚಿನ್ನಪ್ಪ ನಕ್ಕುಬಿಟ್ಟರು. “ದಾರಿಗೆ ಬಂದ್ರಲ್ಲ ಸಾರ್! ದುಡ್ಡು ಮಡಿಕ್ಕಂಡು ಏನ್ ಪೂಜೆ ಮಾಡ್ತೀರಾ? ನಿಮ್ಮಕ್ಕನ್ ರೂಮೂ ಆಗ್ಲಿ, ನಮ್ ಕಮಾನೂ ಆಗ್ಲಿ. ಎರಡ್ಕೂ ಒಂದೇ ಠರಾವು ಬರ್ಕಳಿ, ಇಲ್ಲೇ ರುಜು ಆಕ್ತೀನಿ.”

ಕಮಾನಿನ ಗುತ್ತಿಗೆದಾರ ಅವರ ಭಾಮೈದ. ಕಲ್ಲು ಬರುವ ಮೊದಲೇ ಬಿಲ್ಲು ಬರೆದಿಟ್ಟಿದ್ದಾರೆ, ನಾನು ಕಣ್ಣಾರೆ ನೋಡಿದೆ. ನಾಲ್ಕು ಲಕ್ಷಕ್ಕಾಗಿ ನಲವತ್ತು ಲಕ್ಷದ ಕಳ್ಳತನಕ್ಕೆ ರುಜು ಹಾಕಬೇಕಿತ್ತು. ಪೆನ್ನು ತೆಗೆದಿದ್ದೆ. ಮತ್ತೆ ಮುಚ್ಚಿದೆ. ಎರಡೂ ಬೇಡ ಎಂದೆ.

ಬೈಯುತ್ತೀಯ ಎಂದು ಗೊತ್ತು. ಆದರೆ ಕೈ ಕಟ್ಟಿ ಕೂತಿಲ್ಲ. ಕಚೇರಿಯ ಜೀಪನ್ನು ಇವತ್ತಿನಿಂದ ನಿನ್ನ ಉಪಕೇಂದ್ರದ ಮುಂದೆಯೇ ನಿಲ್ಲಿಸಲು ಹೇಳಿದ್ದೇನೆ. ಡ್ರೈವರ್ ಇರಣ್ಣ ಹಗಲೂ ರಾತ್ರಿ ಅಲ್ಲೇ ಇರುತ್ತಾನೆ. ಡೀಸೆಲ್ ನನ್ನ ದುಡ್ಡು. ನೋವು ಬಂದ ಕ್ಷಣ ಹೊರಡಿ.

ಇನ್ನು ಇಪ್ಪತ್ತು ದಿನ. ಇಪ್ಪತ್ತೇ ದಿನ ತಡಿ ಅಕ್ಕ.

ಈರೇಶ್

*

ಉಪಕೇಂದ್ರ
30 ಮಾರ್ಚ್ 2025

ಈರೇಶ,

ಇರಣ್ಣ ನಿನಗೆ ಹೇಳಿರುತ್ತಾನೆ. ಆದರೂ ನಾನು ಬರೆಯುತ್ತೇನೆ, ನೀನು ಓದಬೇಕು.

ಗುರುವಾರ ಸಂಜೆ ಐದೂವರೆಗೆ ನೋವು ಶುರುವಾಯಿತು. ಐದು ಮುಕ್ಕಾಲಿಗೆ ಜೀಪು ಹೊರಟಿತು. ಮಾತಿಗೆ ತಪ್ಪದೆ ಇರಣ್ಣ ಅಲ್ಲೇ ಇದ್ದ. ಅದಕ್ಕೂ ಮೊದಲು 108ಕ್ಕೆ ಫೋನ್ ಮಾಡಿದ್ದೆ, ಟ್ರಾಫಿಕ್ ಇದೆ, ಐವತ್ತು ನಿಮಿಷವಾಗುತ್ತದೆ ಎಂದರು. ಜೀಪಿನಲ್ಲಿ ನಾನು, ಮುದುಕವ್ವ, ಮುಂದೆ ಯಮನಪ್ಪ.

ಐಟಿ ಪಾರ್ಕಿನ ಗೇಟಿನ ಹತ್ತಿರ ಆರೂಕಾಲಿಗೆ ನಿಂತೆವು. ಆಮೇಲೆ ಜೀಪು ತೆವಳುತ್ತ ಸ್ವಲ್ಪ ದೂರವಷ್ಟೇ ಹೋಯಿತು. ಎಷ್ಟು ಕಾರು, ಎಷ್ಟು ಬಸ್ಸು! ನಿನಗೆ ಹನ್ನೊಂದು ಕೋಟಿ ಕೊಟ್ಟ ಕಂಪನಿಗಳೆಲ್ಲ ಒಂದೇ ಸಲ ಬಾಗಿಲು ತೆರೆದಿದ್ದವು. ಜನ ಕೆಟ್ಟವರಲ್ಲ. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ಹಾಕಿಕೊಂಡ ಹುಡುಗರು ಬಸ್ಸಿನಿಂದ ಇಳಿದು ಓಡಿಬಂದರು. “ಅಣ್ಣ ಸೈಡ್ ಬಿಡಿ, ಡೆಲಿವರಿ ಕೇಸ್” ಎಂದು ಕಾರಿನ ಗಾಜುಗಳನ್ನು ಬಡಿದರು. ಒಬ್ಬ ಹುಡುಗಿ ತನ್ನ ದುಪಟ್ಟಾ ತೆಗೆದುಕೊಟ್ಟಳು, ನೀರಿನ ಬಾಟಲಿ ಕೊಟ್ಟಳು. ಎಲ್ಲರೂ ಸರಿಯಲು ನೋಡಿದರು. ಸರಿಯಲು ಜಾಗ ಇರಲಿಲ್ಲ.

ಆರು ನಲವತ್ತಕ್ಕೆ ಪಟ್ಟಂದೂರು ಅಗ್ರಹಾರದ ಅದೇ ತಿರುವಿನಲ್ಲಿ ಮಗು ಹುಟ್ಟಿತು. ಹೆಣ್ಣು. ಹುಟ್ಟಿದ ಕೂಡಲೇ ಅತ್ತಿತು. ಮುದುಕವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. “ಅಳ್ಲಿಕ್ಹತ್ಯಾದ್ರಿ ಅಕ್ಕಾರ, ಈ ಸಲ ಅಳ್ಲಿಕ್ಹತ್ಯಾದ” ಎಂದು ಭುವನೇಶ್ವರಿ ನಕ್ಕಳು. ಆ ನಗು ನಾನು ನೋಡಿದ್ದೇನೆ.

ಆಮೇಲೆ ರಕ್ತ ನಿಲ್ಲಲಿಲ್ಲ. ಚೀಲದಲ್ಲಿದ್ದ ಮಾತ್ರೆ ಕೊಟ್ಟೆ. ಹೊಟ್ಟೆ ನೀವಿದೆ, ಒತ್ತಿ ಹಿಡಿದೆ. ಜೀಪಿನ ಕತ್ತಲೆಯಲ್ಲಿ ಡ್ರಿಪ್ ಹಾಕಲು ನರ ಸಿಗಲಿಲ್ಲ. ಯಮನಪ್ಪ ಮೊಬೈಲಿನ ಬೆಳಕು ಹಿಡಿದಿದ್ದ. ಇಪ್ಪತ್ತೇಳು ವರ್ಷದ ಸರ್ವೀಸಿನಲ್ಲಿ ನನಗೆ ನರ ಸಿಗದೆ ಹೋದದ್ದು ಅದೇ ಮೊದಲು. “ಚಳಿ ಆಗ್ಲಿಕ್ಹತ್ಯಾದ್ರಿ” ಎಂದಳು. ಆ ಹುಡುಗಿಯ ದುಪಟ್ಟಾ ಹೊದಿಸಿದೆ. ಆಸ್ಪತ್ರೆ ತಲುಪಿದಾಗ ಏಳು ಐವತ್ತು. ಸ್ಟ್ರೆಚರ್ ತಂದವನು ಮುಟ್ಟಿ ನೋಡಿ, ಮುಖಕ್ಕೆ ಬಟ್ಟೆ ಎಳೆದ.

ಇವತ್ತು ಯುಗಾದಿ. ಬೇವು ಬೆಲ್ಲ ಯಾರೂ ಕಳಿಸಬೇಡಿ.

ನೀನು ಕೊಂದೆ ಎಂದು ಬರೆಯಲು ಕೂತಿದ್ದೆ. ನೀನು ಕಳ್ಳನಾಗಿದ್ದರೆ ಬರೆಯುತ್ತಿದ್ದೆ. ಕಳ್ಳನಾಗಿದ್ದರೆ ಅವಳು ಬದುಕುತ್ತಿದ್ದಳು. ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ತಿಳಿಯುತ್ತಿಲ್ಲ. ಉಪಕೇಂದ್ರದಿಂದ ಆ ಕೋಣೆಗೆ ಹನ್ನೆರಡು ಹೆಜ್ಜೆ. ಇವತ್ತು ಬೆಳಿಗ್ಗೆ ಎಣಿಸಿದೆ.

ಬಸಮ್ಮ

*

9 ಜೂನ್ 2025

ಅಕ್ಕ,

ಇದು ನಾಲ್ಕನೆಯ ಕಾಗದ. ಹಿಂದಿನ ಮೂರಕ್ಕೆ ನೀನು ಉತ್ತರ ಬರೆಯಲಿಲ್ಲ. ಒಂದು ಸಲ ನಿನ್ನ ಬಾಗಿಲಿಗೂ ಬಂದೆ, ನೀನು ತೆಗೆಯಲಿಲ್ಲ. ಒಳಗೆ ದೀಪ ಉರಿಯುತ್ತಿತ್ತು. ತೆಗೆಯಬೇಕಿತ್ತು ಎಂದು ಹೇಳುವ ಮುಖ ನನಗಿಲ್ಲ.

ಏಪ್ರಿಲ್ ಒಂದು ಬಂತು, ಹೋಯಿತು. ಬೆಳಿಗ್ಗೆ ಒಂಬತ್ತಕ್ಕೇ ಕಚೇರಿಗೆ ಹೋಗಿ ಕ್ರಿಯಾಯೋಜನೆಯ ಮೊದಲ ಸಾಲಿಗೆ ಮಂಜೂರಾತಿ ಬರೆಯಲು ಕೂತೆ. ಆ ಕಡತ ಮೇಲಕ್ಕೆ ಹೋಗಿ ಬರುವ ಮೊದಲೇ ಆದೇಶ ಬಂತು. ನಮ್ಮ ಪಂಚಾಯಿತಿಯನ್ನು ಪಕ್ಕದ ಮೂರು ಪಂಚಾಯಿತಿಗಳ ಜೊತೆ ಸೇರಿಸಿ ಪುರಸಭೆ ಮಾಡಿದ್ದಾರೆ. ಪಂಚಾಯಿತಿಯೇ ಇಲ್ಲದ ಮೇಲೆ ಅದರ ಕ್ರಿಯಾಯೋಜನೆಯೂ ಇಲ್ಲ. ನಾಲ್ಕೂ ಕಡೆಯ ಹಣ ಒಂದೇ ಖಾತೆಗೆ ಹೋಯಿತು. ಉಳಿದ ಮೂರು ಪಂಚಾಯಿತಿಯವರು ಸುದ್ದಿ ಮೊದಲೇ ತಿಳಿದು ಮಾರ್ಚ್‌ನಲ್ಲೇ ಎಲ್ಲ ಖರ್ಚು ಮಾಡಿ ಮುಗಿಸಿದ್ದರು. ಹಣ ಇದ್ದದ್ದು ನಮ್ಮದೊಂದೇ. ಬಸಲಿಂಗನಂಥವರಿಗೆಂದು, ಸೊಣ್ಣಪ್ಪನಿಗೆಂದು, ಕಷ್ಟಕಾಲಕ್ಕೆಂದು ಐದು ವರ್ಷ ಬೈಸಿಕೊಂಡು ಕಾದಿಟ್ಟದ್ದು ಒಂದು ಮಧ್ಯಾಹ್ನ ಹೋಯಿತು. ಹೊಸ ಪುರಸಭೆಯ ಮೊದಲ ಕೆಲಸ ಕಚೇರಿ ಕಟ್ಟಡ, ಒಂಬತ್ತು ಕೋಟಿಗೆ. ಎರಡನೆಯದು ಊರ ಬಾಗಿಲಿನ ಕಮಾನು. ಅಳತೆ ಹಿಡಿದಾಗಿದೆ. ಹೆರಿಗೆ ಕೋಣೆ ಪಟ್ಟಿಯಲ್ಲಿಲ್ಲ. ಅದು ಆರೋಗ್ಯ ಇಲಾಖೆಗೆ ಸೇರಿದ್ದಂತೆ. ನನ್ನನ್ನು ಚಿಕ್ಕಬಾಣಾವರದ ಕಡೆಗೆ ಹಾಕಿದ್ದಾರೆ.

ಇನ್ನೊಂದು ವಿಷಯ ನಿನಗೆ ಹೇಳಲೇಬೇಕು. ಯಮನಪ್ಪ ಊರಿಗೆ ಹೊರಟ ದಿನ ಶೆಡ್ಡಿಗೆ ಹೋಗಿದ್ದೆ. ಮುದುಕವ್ವ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಮಗು ದುಂಡಗಿದೆ. ನಾನು ಒಂದೂವರೆ ಲಕ್ಷ ರೂಪಾಯಿಯ ಕವರನ್ನು ಅವನ ಮುಂದಿಟ್ಟೆ. ನನ್ನ ಪಾಲಿಗೆ ಬಂದ ಅವ್ವನ ಠೇವಣಿಯ ಹಣ, ನಾನೂ ಅದನ್ನು ಅವತ್ತಿನ ತನಕ ಮುಟ್ಟಿರಲಿಲ್ಲ. ಮಗುವಿಗೆ ಇರಲಿ ಎಂದೆ.

ಅವನು ಕವರನ್ನು ಎರಡೂ ಕೈಯಲ್ಲಿ ಎತ್ತಿ ನನಗೇ ಕೊಟ್ಟ. “ಬ್ಯಾಡ್ರಿ ಸಾಹೇಬ್ರ. ನಿಮ್ ಪಂಚಾಯ್ತಿಗೇ ಕಟ್ರಿ. ಮುಂದ ಯಾರಿಗರ ಕಷ್ಟ ಬಂದ್ರ ಬೇಕಾಗ್ತಾದ.”

ಅಕ್ಕ, ಅವನು ಚುಚ್ಚಲಿಲ್ಲ. ನಾನು ಅವನ ಮುಖವನ್ನು ಬಹಳ ಹೊತ್ತು ನೋಡಿದೆ. ಮನಸಾರೆ ಹೇಳಿದ. ಜೀಪು ಕೊಟ್ಟದ್ದಕ್ಕೆ ಕೈ ಮುಗಿದ.

ಕವರು ಮೇಜಿನ ಮೇಲಿದೆ. ಅದನ್ನು ಕಟ್ಟಲು ಆ ಪಂಚಾಯಿತಿ ಇಲ್ಲ. ನನಗೆ ನಿದ್ದೆ ಬರುತ್ತಿಲ್ಲ. ಒಂದು ಸಲ ಬಾಯಿ ತುಂಬ ಬೈದು ಬರೆ. ನೀನು ಬೈದರೆ ಸಾಕು.

ನಿನ್ನ ತಮ್ಮ,
ಈರೇಶ್

*

ಹುಣಸೆಕಟ್ಟೆಪಾಳ್ಯ
1 ಜುಲೈ 2025

ಇವರಿಗೆ,
ಶ್ರೀ ಈರೇಶ್,
ಹಿಂದಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು

ಮಾನ್ಯರೇ,

ವಿಷಯ: ಹೆರಿಗೆ ಕೋಣೆಯ ಬೀಗದ ಕೈ ಒಪ್ಪಿಸುವ ಬಗ್ಗೆ.

ನನ್ನ ಕೋರಿಕೆಯ ಮೇಲೆ ನನಗೆ ಬೇರೆ ತಾಲ್ಲೂಕಿಗೆ ವರ್ಗವಾಗಿದೆ. ಕೋಣೆಯ ಬೀಗದ ಕೈಯನ್ನು ಹೊಸ ಪುರಸಭೆಯವರು ತೆಗೆದುಕೊಳ್ಳಲಿಲ್ಲ, ಅದು ತಮ್ಮ ಆಸ್ತಿ ಪಟ್ಟಿಯಲ್ಲಿಲ್ಲ ಎಂದರು. ಇಲಾಖೆಯವರು, ಕಟ್ಟಡ ಇನ್ನೂ ಪಂಚಾಯಿತಿಯಿಂದ ತಮಗೆ ಹಸ್ತಾಂತರವಾಗಿಲ್ಲ ಎಂದರು. ಮೂರೂವರೆ ವರ್ಷದ ಹಿಂದೆ ಇದನ್ನು ನನ್ನ ಕೈಗೆ ಕೊಟ್ಟವರು ತಾವೇ ಆದ್ದರಿಂದ ತಮಗೇ ಕಳಿಸುತ್ತಿದ್ದೇನೆ.

ನಿನ್ನೆ ಕೊನೆಯ ಸಲ ತೆಗೆದು ಗುಡಿಸಿ, ನೆಲ ಒರೆಸಿದ್ದೇನೆ. ಟೈಲ್ಸ್ ಒಂದೂ ಒಡೆದಿಲ್ಲ. ಗೋಡೆಗೆ ಹಚ್ಚಿದ ಬಣ್ಣ ಹಾಗೆಯೇ ಇದೆ. ನೆಲದ ಮೇಲೆ ಎಲ್ಲಿಯೂ ಒಂದು ಹನಿ ರಕ್ತದ ಕಲೆ ಇಲ್ಲ. ತಮ್ಮಿಂದ ಪಡೆದಾಗ ಹೇಗಿತ್ತೋ ಹಾಗೆಯೇ ಉಳಿಸಿ ಒಪ್ಪಿಸುತ್ತಿದ್ದೇನೆ.

ಮುಟ್ಟಿದ್ದಕ್ಕೆ ಉತ್ತರ ಬೇಕಾಗಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಬಸಮ್ಮ
ಹಿರಿಯ ಮಹಿಳಾ ಆರೋಗ್ಯ ಸಹಾಯಕಿ

ಲಗತ್ತು: ಬೀಗದ ಕೈ, ಒಂದು.